ಬಣ್ಣದ ಕಾಕಾ ಏನು ಬಿಟ್ಟಿದ್ದರು?

ಮೊನ್ನೆ ಹೊಸ ನಾರಾಯಣಪೇಟೆ ಸೀರೆಯೊಂದನ್ನು ಉಪ್ಪುನೀರಿನಲ್ಲಿ ನೆನೆಹಾಕಿದ್ದೆ. ಬಕೆಟ್ಟಿನಿಂದ ಎದ್ದ ಬಣ್ಣದ ಘಾಟಿಗೆ ತವರಿನಲ್ಲಿ ಪಕ್ಕದ ಮನೆಯಲ್ಲಿದ್ದ ಕಾಕಾ ನೆನಪಾದರು. ನೂಲಿಗೆ ಬಣ್ಣ ಹಾಕುವುದು ಅವರ ಕೆಲಸ. ಮೊಣಕೈವರೆಗೂ ಯಾವತ್ತೂ ಒಂದಲ್ಲ ಒಂದು ಬಣ್ಣ…

ನನ್ನಪ್ಪ ಊರ ಶಾಲೆಯ ಹೆಡ್‌ಮಾಸ್ತರರು, ತಾತ ನಿಜಾಮರ ಕಾಲದಲ್ಲಿ ಕಂದಾಯ ಕಚೇರಿಯ ಅಧಿಕಾರಿ, ಪೇಶಕಾರರು. ಕಾಕಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಮಗಳೂ ನಾನೂ ಒಂದೇ ತರಗತಿ. ಸಂಜೆಯಾದರೆ ಕಾಕಾ ನಮ್ಮ ಕಟ್ಟೆಗೆ ಬಂದು ಕೂತು ಅಪ್ಪನನ್ನು ಕೇಳುತ್ತಿದ್ದರು:

“ಮಾಸ್ತರ್ರೀ, ನಿಮ್ಮ ಹುಡುಗಿಗೆ ಈಗ ಏನ್ ಮಾಡಾಕ ಹತ್ತೀರಿ? ಹೇಳ್ರಿ, ನಾನೂ ಅದನ್ನ ಮಾಡ್ತೀನಿ.”

ಹಾಗೇ ಮಾಡಿದರು ಪುಣ್ಯಾತ್ಮರು! ನಮ್ಮಲ್ಲಿ ಅಟ್ಲಾಸ್ ಬಂದರೆ ಅಲ್ಲೂ ಅಟ್ಲಾಸ್. ನನಗೆ ನೆನೆಸಿದ ಬಾದಾಮಿ, ಅವಳಿಗೂ ಬಾದಾಮಿ. ನಸುಕಿನಲ್ಲಿ ಅಪ್ಪ ನನ್ನನ್ನು ಬೈದು ಎಬ್ಬಿಸುವುದು ಕೇಳಿಸಿದರೆ, ಆಗಲೇ ಎದ್ದು ಓದುತ್ತಿದ್ದ ಮಗಳಿಗೂ ಪಾಪ, ಎರಡು ಬೈಗುಳ. ನಾನು ಸೇರಿದ ಕಾಲೇಜಿಗೇ, ನಾನು ಓದಿದ ಎಂ.ಎಸ್ಸಿ.ಗೇ ಅವಳೂ ಸೇರಿದಳು. ಅಂಕ ಮಾತ್ರ ನನಗಿಂತ ಅವಳಿಗೇ ಹೆಚ್ಚು.

ಗದ್ವಾಲದ ಖಾಸಗಿ ಕಾಲೇಜೊಂದರಲ್ಲಿ ಉಪನ್ಯಾಸಕರ ಹುದ್ದೆ ಒಂದೇ ಖಾಲಿ ಇತ್ತು. ಇಬ್ಬರೂ ಒಂದೇ ಬಸ್ಸಿನಲ್ಲಿ ಸಂದರ್ಶನಕ್ಕೆ ಹೋದೆವು. ಅಲ್ಲಿನ ಅಧ್ಯಕ್ಷರು ನನ್ನ ಮನೆತನದ ಹೆಸರು ಕೇಳಿದ್ದೇ, “ಪೇಶಕಾರರ ಮೊಮ್ಮಗಳೇನವ್ವಾ? ಅಪ್ಪಾರು ಆರಾಮ ಅದಾರ?” ಎಂದು ಚಹಾ ತರಿಸಿದರು. ಪಾಠದ ಬಗ್ಗೆ ಒಂದು ಮಾತೂ ಇಲ್ಲ. ಅವಳನ್ನು ಬಹಳ ಹೊತ್ತು ಪ್ರಶ್ನೆ ಕೇಳಿದರು. ಎಲ್ಲಕ್ಕೂ ಸರಿಯಾಗಿಯೇ ಉತ್ತರ ಹೇಳಿ ಬಂದಳು. ಕೆಲಸ ನನಗೆ ಸಿಕ್ಕಿತು.

ಸುದ್ದಿ ತಿಳಿದ ಸಂಜೆ ಕಾಕಾ ಕಟ್ಟೆಗೆ ಬಂದರು. ಸಿಟ್ಟು ಇರಲಿಲ್ಲ, ನನಗೆ ಸಂಕಟವಾದದ್ದು ಅದಕ್ಕೇ.

“ನಾ ಏನ್ ಬಿಟ್ಟೀನ್ರಿ, ಮಾಸ್ತರ್ರೀ?”

ಅಪ್ಪ “ಚಾ ಕುಡೀರಿ” ಎಂದರು, ಅಷ್ಟೇ… ಆಮೇಲೆ ಕಾಕಾ ಏನನ್ನೂ ಕೇಳಲು ಬರಲಿಲ್ಲ.

ಅವಳೀಗ ಮಕ್ತಲದಲ್ಲಿ ಮನೆಪಾಠ ಹೇಳುತ್ತಾಳೆ. ನನ್ನ ಸಂಬಳದ ಕಾಲುಭಾಗವೂ ಅವಳಿಗೆ ಹುಟ್ಟುವುದಿಲ್ಲ. ಅಪ್ಪ ಹೋಗಿ ವರ್ಷಗಳಾದವು. ಕಾಕಾ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಮಾತಾಡಿಸಲು ಹೋದಾಗ ಅವಳು ಹೇಳಿದಳು:

“ಅಪ್ಪ ಕಡೀತನಾ ಅದನ್ನ ಅಂತಿದ್ದ ನೋಡು. ನಿನಗ ಏನೋ ಒಂದು ಮಾಡೋದು ಬಿಟ್ಟೀನವ್ವಾ, ಏನಂತ ತಿಳೀವಲ್ದು, ಮಾಫ್ ಮಾಡು ಅಂತ.”

ಮಗಳ ಹತ್ತಿರ ಮಾಫಿ ಕೇಳುತ್ತಲೇ ಹೋದರು. ಕಾಕಾ ಏನೂ ಬಿಟ್ಟಿರಲಿಲ್ಲ. ಅವರಿಗೆ ಅದನ್ನು ಯಾರೂ ಹೇಳಲಿಲ್ಲ.