ಅಕ್ಕನ ಟ್ರಂಕಿನಲ್ಲಿದ್ದ ಶಿಕಾಗೋ

“ಶಿಕಾಗೋದಲ್ಲಿ ಇಳಿದ ದಿನವೇ ಆ ಊರು ನನಗೆ ಹಿಡಿಸಿತು” ಎಂದು ನಾನು ಹೇಳುತ್ತಿರುವಾಗಲೇ ಅಕ್ಕ ಒಳಗೆ ಹೋಗಿ, ಟ್ರಂಕಿನಿಂದ ನನ್ನ ಹಳೆಯ ಪತ್ರಗಳ ಕಟ್ಟು ತಂದಳು.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷವದು. ಭಾನುವಾರದ ಪ್ರಾರ್ಥನೆ ಮುಗಿಸಿ, ಔರಾದಿನ ನರ್ಸ್ ಶಾಂತಾ ಭಾಲ್ಕಿಯ ನಮ್ಮ ಮನೆಗೆ ಬಂದಿದ್ದಳು. ಮಿಷನ್ನಿನವರು ಅವಳನ್ನು ತರಬೇತಿಗೆ ಶಿಕಾಗೋಗೆ ಕಳಿಸುವವರಿದ್ದರು. ಅವಳು ಹೆದರಿ, ಒಲ್ಲೆ ಎನ್ನುವುದರಲ್ಲಿದ್ದಳು. ಅಲ್ಲಿ ಒಂದು ವರ್ಷ ಓದಿ ಬಂದು ಇಲ್ಲಿ ಮಾಸ್ತರನಾಗಿದ್ದ ನಾನು ಧೈರ್ಯ ಹೇಳಬೇಕಿತ್ತು.

“ಬರೇ ಸುಳ್ಳ! ನೀ ಇದನ್ನ ಕೇಳವಾ ಶಾಂತಾ” ಎಂದು ಅಕ್ಕ ಮೊದಲ ಪತ್ರ ಓದಿದಳು. “ಅಕ್ಕಾ, ಇಲ್ಲಿ ಮನಿಗೋಳು ಮುಗಿಲ ಮುಟ್ಯಾವ. ಉಂಡಿ ಏನು ಅಂತ ಕೇಳವರು ಒಬ್ಬರೂ ಇಲ್ಲ. ಅಳು ಬರ್ತದ. ನನ್ನ ವಾಪಸ್ ಕರಸ್ಕೋ.”

ಹಾಗೆ ಬರೆದದ್ದು ನನಗೆ ನೆನಪೇ ಇರಲಿಲ್ಲ. ಅಕ್ಷರ ಮಾತ್ರ ನನ್ನದೇ.

ಅಕ್ಕ ಮೂರನೆಯ ತಿಂಗಳ ಪತ್ರವನ್ನೂ ಬಿಡಲಿಲ್ಲ. ಲಿಫ್ಟ್ ನಡೆಸುವ ಮುದುಕನನ್ನು ನಾನು ಊರಿನ ರೂಢಿಯಂತೆ ದಿನಾ “ಊಟ ಆಯಿತೇ” ಎಂದು ಕೇಳುತ್ತಿದ್ದೆನಂತೆ. ಅವನು ಮೊದಮೊದಲು ನನ್ನನ್ನು ಹುಚ್ಚನೆಂಬಂತೆ ನೋಡಿದನಂತೆ. ಆ ಪತ್ರ ಬರೆದ ದಿನ ಅವನೇ ಮೊದಲು ನನ್ನನ್ನು ಕೇಳಿಬಿಟ್ಟನಂತೆ. ಆ ಪತ್ರದಲ್ಲಿ ವಾಪಸ್ ಬರುವ ಮಾತಿರಲಿಲ್ಲ.

ಶಾಂತಾ ನಕ್ಕಳು. “ನೀವೂ ಅತ್ತೀರೇನ್ರಿ ಮಾಸ್ತರ? ಹಂಗಾದ್ರ ನಾ ಹೋಗ್ತೇನ್ರಿ.”

ಈಗ ಶಿಕಾಗೋ ಬಗ್ಗೆ ಬಾಯಿ ತೆರೆಯುವ ಮೊದಲು ಅಕ್ಕನ ಮುಖ ನೋಡುತ್ತೇನೆ. ಶಾಂತಾಳ ಮೊದಲ ಪತ್ರ ಬಂದಿದೆ. ತುಂಬ ಅಳು ಬರುತ್ತದಂತೆ. ಅವಳೂ ಕೇಳಿದಳಂತೆ, ಅವಳ ಲಿಫ್ಟಿನವನ ಊಟ ಆಗಿದೆಯಂತೆ.