ಒಂದು ಗೆಲುವು, ಆರು ಸೋಲು

ಆ ಕೋಚ್ ಆಡಿದ ಮಾತು ನೆನಪಾದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. "ಗೆಲ್ಲಿಸೋದೇ ಕ್ವಾರ್ಟರ್‌ಬ್ಯಾಕ್ ಕೆಲಸ, ಸರ್. ನಿಮ್ಮ ಮಗಳ ರೆಕಾರ್ಡು ಒಂದು ಗೆಲುವು, ಆರು ಸೋಲು," ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ್ದ, ಕೈಯಲ್ಲಿದ್ದ ಕಾಗದದಿಂದ ತಲೆಯನ್ನೂ ಎತ್ತದೆ.

ಅದು 2017ರ ಬೇಸಿಗೆ. ದೇಶ ಬಿಟ್ಟು ಬಂದು ನಾವು ನೆಲೆಸಿದ ಎರಿನ್ ಮಿಲ್ಸ್‌ನಲ್ಲಿ ಹನ್ನೊಂದನೆಯ ತರಗತಿ ಓದುತ್ತಿದ್ದ ನನ್ನ ಮಗಳು ಶಾಲೆಯ ಹುಡುಗಿಯರ ಫ್ಲ್ಯಾಗ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದಳು. ನಾನು ಹುಬ್ಬಳ್ಳಿಯಲ್ಲಿ ಕಾಲಿನಿಂದ ಒದ್ದ ಫುಟ್‌ಬಾಲೇ ಬೇರೆ. ಇಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಿಂದ ಎಸೆಯುತ್ತಾರೆ. ಚೆಂಡು ಹಿಡಿದವರ ಸೊಂಟದ ಪಟ್ಟಿಯನ್ನು ಎದುರಾಳಿ ಕಿತ್ತರೆ ಓಟ ಅಲ್ಲಿಗೆ ನಿಂತಿತು. ಪ್ರತಿ ಸಲವೂ ಚೆಂಡು ಮೊದಲು ನನ್ನ ಮಗಳ ಕೈಗೆ ಬರುತ್ತಿತ್ತು. ಮೇಲೆ ನುಗ್ಗಿ ಬರುವವರನ್ನು ತಪ್ಪಿಸಿಕೊಳ್ಳುತ್ತಲೇ ಯಾರು ಖಾಲಿ ಜಾಗದಲ್ಲಿದ್ದಾರೆಂದು ನೋಡಿ ಅವಳು ಎಸೆಯಬೇಕು. ಅದನ್ನು ಹಿಡಿಯುವುದು ಇನ್ನೊಬ್ಬಳ ಕೈ. ಎದುರು ತಂಡದ ಸರದಿ ಬಂದಾಗ ತಡೆಯುವುದು ಮತ್ತೆ ಬೇರೆಯವರ ಕೆಲಸ, ಆಗ ಅವಳು ಗೆರೆಯಾಚೆ ನೀರು ಕುಡಿಯುತ್ತ ನಿಂತಿರುತ್ತಿದ್ದಳು. ಇಷ್ಟನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ವರ್ಷ ಹಿಡಿದಿತ್ತು. ಜನ್ಮವಿಡೀ ಅದೇ ಆಟ ಕಲಿಸಿದವನಿಗೆ ಇದು ಗೊತ್ತಿರಲಿಲ್ಲವೆ?

ಕೊನೆಯ ಪಂದ್ಯ ನನ್ನ ಕಣ್ಣಲ್ಲಿ ಹಾಗೇ ಇದೆ. ನಮ್ಮವರು ನಾಲ್ಕು ಅಂಕ ಹಿಂದಿದ್ದರು, ಉಳಿದದ್ದು ಒಂದೇ ಎಸೆತ. ಇಬ್ಬರು ಮೈಮೇಲೆ ಬಂದರೂ ಮಗಳು ಹಿಂದೆ ಸರಿದು, ಗಾಳಿಗೆ ಎದುರಾಗಿ ಎಸೆದಳು. ಚೆಂಡು ನೇರ ಹೋಗಿ, ಹಿಡಿದರೆ ಆರು ಅಂಕ ಸಿಗುವ ಕೊನೆಯ ಗೆರೆಯಾಚೆ ಒಂಟಿಯಾಗಿ ನಿಂತಿದ್ದ ಅವಳ ಗೆಳತಿಯ ಎದೆಗೆ ತಾಕಿ ನೆಲಕ್ಕೆ ಬಿತ್ತು. ವಾರಕ್ಕೊಮ್ಮೆಯಾದರೂ ನಮ್ಮ ಮನೆಗೆ ಬಂದು ನನ್ನ ಹೆಂಡತಿ ಮಾಡಿದ ಗಿರಮಿಟ್ಟನ್ನು ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದ ಹುಡುಗಿ ಅವಳು. ಸೋತ ಮೇಲೆ ಇಬ್ಬರೂ ತಬ್ಬಿಕೊಂಡು ಅತ್ತರು.

ಎರಡು ವಾರದ ನಂತರ, ಸುತ್ತಲಿನ ಶಾಲೆಗಳಿಂದ ಆರಿಸಿ ಕಟ್ಟುವ ಬೇಸಿಗೆ ತಂಡಕ್ಕೆ ಎಟೋಬಿಕೋಕ್‌ನ ಒಂದು ಮೈದಾನದಲ್ಲಿ ಆಯ್ಕೆ ನಡೆಯಿತು. ಗೆಳತಿಯನ್ನೂ ನಮ್ಮ ಕಾರಿನಲ್ಲೇ ಕರೆದುಕೊಂಡು ಹೋಗಿದ್ದೆ. ಬಂದ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ನನ್ನ ಮಗಳಷ್ಟು ನೆಟ್ಟಗೆ ಎಸೆದವರು ಯಾರೂ ಇರಲಿಲ್ಲ. ಇದು ಅಪ್ಪನ ಮಾತೆಂದು ನೀವು ನಗಬಹುದು. ಆದರೆ ಪಕ್ಕದಲ್ಲಿ ನಿಂತಿದ್ದ ಬೇರೆ ಶಾಲೆಯ ತಾಯಂದಿರೇ ಹಾಗಂದರು. ಆದರೂ ಆರಿಸಿದ್ದು ಆ ವರ್ಷ ಎಲ್ಲ ಪಂದ್ಯ ಗೆದ್ದ ಶಾಲೆಯ ಹುಡುಗಿಯನ್ನು. ಯಾಕೆಂದು ಕೇಳಿದ್ದಕ್ಕೆ ಆ ಬೇಸಿಗೆ ತಂಡದ ಕೋಚ್ ಕೊಟ್ಟ ಉತ್ತರ ಆಗಲೇ ಹೇಳಿದೆನಲ್ಲ, ಒಂದು ಗೆಲುವು, ಆರು ಸೋಲು.

ಅಂಥ ಮಾತನ್ನು ನಾನು ಅದರ ಹಿಂದಿನ ಚಳಿಗಾಲವೆಲ್ಲ ಕೇಳಿದ್ದೆ. ಮಾಲ್ಟನ್‌ನ ಗೋದಾಮಿನಲ್ಲಿ ನಾನು ಒಂದು ಪ್ಯಾಕಿಂಗ್ ಲೈನಿನ ಮೇಸ್ತ್ರಿ. ನಮ್ಮ ಲೈನಿಗೆ ದಿನಕ್ಕೆರಡು ಸಲ ನಿಲ್ಲುವ ಹಳೇ ಮಶೀನು ಕೊಟ್ಟಿದ್ದರು, ಹೊಸದು ಪಕ್ಕದ ಲೈನಿಗೆ. ದಿನಕ್ಕೆಷ್ಟು ಪ್ಯಾಕ್ ಆಯಿತೆಂದು ಬರೆಯುವ ಬೋರ್ಡಿನಲ್ಲಿ ಮಾತ್ರ ನನ್ನ ಹೆಸರು, ಅದರ ಮುಂದೆ ಕೆಂಪು ಅಂಕಿ. ಅಲ್ಲಿ ಬಾಯಿ ಮುಚ್ಚಿಕೊಂಡಿದ್ದ ನಾನು ಆ ಮೈದಾನದಲ್ಲಿ ಬಾಯಿ ಬಿಟ್ಟೆ.

"ಆಕಿ ಒಗೆದ ಬಾಲ್ ನೋಡ್ರಿ, ಬೋರ್ಡ್ ನೋಡಬ್ಯಾಡ್ರಿ!" ಎಂದು ಮೊದಲು ಕನ್ನಡದಲ್ಲೇ ಕೂಗಿದೆನಂತೆ. ಆಮೇಲೆ ಇಂಗ್ಲಿಷಿನಲ್ಲಿ, ಇನ್ನೂ ಜೋರಾಗಿ, "ಕೈಗೆ ಬಂದ ಚೆಂಡನ್ನು ಆ ಹುಡುಗಿ ಕೆಡವಿದರೆ ಸೋತವಳು ನನ್ನ ಮಗಳಾ?" ಅಂದೆ. ಹೇಳುತ್ತ ಬೆರಳು ಮಾಡಿ ತೋರಿಸಿದೆ. ಹತ್ತು ಹೆಜ್ಜೆ ದೂರದಲ್ಲಿ ಶೂ ಬಿಚ್ಚುತ್ತ ಕೂತಿದ್ದ ಗೆಳತಿ ತಲೆ ಎತ್ತಿ ನೋಡಿದಳು.

ಅವಳು ನಮ್ಮ ಕಾರು ಹತ್ತಲಿಲ್ಲ. ಅಣ್ಣ ಬರುತ್ತಾನೆಂದು ಗೇಟಿನ ಹತ್ತಿರ ನಿಂತುಬಿಟ್ಟಳು.

ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಅವತ್ತು ಕಾರಿನಲ್ಲಿ ಕನ್ನಡ ಆಡಿದಳು. "ಯಾಕ ಹಂಗ ಅಂದ್ರಿ ಅಪ್ಪಾ? ಶಿ ವಾಸ್ ರೈಟ್ ದೇರ್."

"ಖರೇನ ಹೇಳಿದ್ನಲ್ಲ."

"ಏನ್ ಖರೆ? ಆ ಕೋಚ್ ಎಲ್ಲಾ ನನ್ನ ತಪ್ಪು ಅಂತಾನ. ನೀವು ಎಲ್ಲಾ ಆಕಿ ತಪ್ಪು ಅಂತೀರಿ. ಇಬ್ರೂ ಸೇಮ್. ಆ ಮ್ಯಾಚಿನ್ಯಾಗ ನಾ ಎರಡು ಬಾಲ್ ಸೀದಾ ಅವರ ಟೀಮಿನ ಕೈಗೇ ಒಗದೆ, ಅದನ್ನ ಯಾಕ ಹೇಳಲಿಲ್ಲ?"

ಸುಮ್ಮನಿದ್ದಿದ್ದರೆ ಸಾಕಿತ್ತು, ಆದರೆ ಸಿಟ್ಟಿನಲ್ಲಿ "ನಿನ್ನ ಸಲುವಾಗೇ ಹೇಳಿದ್ದು" ಎಂದು ಗದರಿದೆ. ಅವಳು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಳು. ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ, "ಕೋಚ್‌ನ ಜೋಡಿ ಜಗಳ ಆಡೂದಿತ್ತು, ಆಡ್ರಿ. ಆ ಹುಡುಗಿ ನಿಮಗೇನು ಮಾಡಿತ್ತು?" ಎಂದಷ್ಟೇ ಹೇಳಿ ಒಳಗೆ ಹೋದಳು.

ಕ್ಷಮೆ ಕೇಳಬೇಕೆಂದು ಅಂದುಕೊಳ್ಳುತ್ತಲೇ ಬೇಸಿಗೆ ಮುಗಿಯಿತು. ಕೊನೆಗೆ ಮಾಲ್‌ನ ಒಂದು ಚಪ್ಪಲಿ ಅಂಗಡಿಯಲ್ಲಿ ಆ ಹುಡುಗಿ ಪಾರ್ಟ್‌ಟೈಮ್ ಕೆಲಸ ಮಾಡುತ್ತಿದ್ದಾಗ ಎದುರಾದಳು. ನಾನು ತಡವರಿಸುತ್ತ, ಅವತ್ತು ತಪ್ಪಾಯಿತಮ್ಮ ಅಂದೆ. "ಇಟ್ಸ್ ಓಕೆ, ಅಂಕಲ್," ಎಂದು ನಕ್ಕು, ಯಾವ ಸೈಜು ಬೇಕೆಂದು ಕೇಳಿದಳು. ಮುಂದಿನ ವರ್ಷ ಅವಳು ಶಾಲೆಯ ತಂಡಕ್ಕೆ ಸೇರಲಿಲ್ಲ. ಕೆಲಸ ಜಾಸ್ತಿ ಎಂದು ಮಗಳ ಹತ್ತಿರ ಹೇಳಿದಳಂತೆ. ಮಗಳು ಅದನ್ನು ನನಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅವಳ ಜಾಗಕ್ಕೆ ಬಂದವಳು ಬಾಸ್ಕೆಟ್‌ಬಾಲ್ ಆಡುತ್ತಿದ್ದ ಎತ್ತರದ ಹುಡುಗಿ. ಮೇಲೆ ಹೋದ ಚೆಂಡನ್ನೂ ಒಂದೇ ಕೈಯಲ್ಲಿ ಕೆಳಗಿಳಿಸುತ್ತಿದ್ದಳು. ತಡೆಯುವ ಸಾಲಿಗೂ ಇಬ್ಬರು ಚುರುಕಾದವರು ಬಂದರು. ಆ ವರ್ಷ ಮಗಳ ಅದೇ ಶಾಲೆ ಒಂದರ ಮೇಲೊಂದು ಪಂದ್ಯ ಗೆದ್ದಿತು. ಮತ್ತೆ ಆಯ್ಕೆಯ ದಿನ ಬಂದಾಗ ಅದೇ ಕೋಚ್ ತಾನೇ ನಡೆದು ಬಂದು ಮಗಳ ಭುಜ ತಟ್ಟಿದ. "ಈ ಹುಡುಗಿ ಗೆಲ್ಲೋದು ಹೇಗೆ ಅಂತ ಕಲಿತಿದ್ದಾಳೆ," ಎಂದು ನನಗೆ ಕೇಳುವಂತೆ ಹೇಳಿದ.

ಏನು ಕಲಿತಿದ್ದಳು? ಅವಳು ಎಸೆದ ಪ್ರತಿ ಚೆಂಡನ್ನೂ ಎರಡು ವರ್ಷ ಕಣ್ಣಾರೆ ನೋಡಿದವನು ನಾನು. ನಿಜ ಹೇಳಬೇಕೆಂದರೆ ಎರಡನೆಯ ವರ್ಷ ಅವಳ ಎಸೆತ ಸ್ವಲ್ಪ ಸಡಿಲವಾಗಿತ್ತು. ಹಿಡಿಯುವವಳು ಹೇಗೂ ಹಿಡಿಯುತ್ತಾಳೆಂಬ ಧೈರ್ಯ ಬಂದಿತ್ತು. ಅವತ್ತು ನಾನು ಬಾಯಿ ತೆರೆಯುವ ಮೊದಲೇ ಮಗಳು ನನ್ನ ತೋಳು ಹಿಡಿದು ಕಾರಿನ ಕಡೆ ಎಳೆದಳು.

"ನಾ ಹೋದ ವರ್ಷ ಇನ್ನೂ ಛಲೋ ಒಗೀತಿದ್ದೆ. ನಂಗೊತ್ತು, ಅಪ್ಪಾ. ಆದ್ರ ನಾ ಆಡಬೇಕು. ಪ್ಲೀಸ್."

ಅವಳು ಆ ತಂಡದಲ್ಲಿ ಆಡಿದಳು, ಚೆನ್ನಾಗಿಯೇ ಆಡಿದಳು. ನಾನು ಪ್ರತಿ ಪಂದ್ಯಕ್ಕೂ ಹೋಗಿ ಚಪ್ಪಾಳೆ ತಟ್ಟಿದೆ. ಕೊನೆಯ ದಿನ ಕೋಚ್ ನಗುತ್ತ ಕೈ ಚಾಚಿದಾಗ ನಾನು ಮಾತ್ರ ಕೈ ಕೊಡಲಿಲ್ಲ. ಅದು ಸಣ್ಣತನ ಎಂದಳು ಹೆಂಡತಿ. ಇರಬಹುದು.