ಗುಳ್ಳೆ ಏಳದ ಪುಡಿ

ಲೋಹವೂ ಹೈಡ್ರೋಜನ್ನೂ ಒಲ್ಲದ ಮನಸ್ಸಿನಿಂದ ಕೂಡಿ ಬಾಳುವ ಅಸ್ಥಿರ ಹೈಡ್ರೈಡುಗಳ ಅಧ್ಯಯನಕ್ಕೆ ಈ ವಿಭಾಗದಲ್ಲಿ ನೆಲೆ ಒದಗಿಸಿದವರು, ಇದೀಗ ನಿವೃತ್ತರಾಗುತ್ತಿರುವ ಪ್ರಾಧ್ಯಾಪಕಿಯವರು. ಮಂಜುಗಡ್ಡೆಯ ಬಕೆಟ್ಟಿಲ್ಲದೆ ಅವರು ಪ್ರಯೋಗಾಲಯಕ್ಕೆ ಕಾಲಿಟ್ಟಿದ್ದನ್ನು ಕಂಡವರಿಲ್ಲ. ವಿದ್ಯಾರ್ಥಿಗಳ ಬಾಯಲ್ಲಿ ಅವರು ‘ಮಂಜುಗಡ್ಡೆ ಮೇಡಂ’ ಆದದ್ದು ಹಾಗೆ.

ಸೇವೆಯ ಮೊದಲ ವರ್ಷಗಳಲ್ಲೇ ಅವರು ತಾಮ್ರದ ಹೈಡ್ರೈಡನ್ನು ಕೈಗೆತ್ತಿಕೊಂಡರು. ಮೈಲುತುತ್ತದ ದ್ರಾವಣಕ್ಕೆ ಹೈಪೊಫಾಸ್ಫರಸ್ ಆಮ್ಲ ಬೆರೆಸಿ ಹದವಾಗಿ ಬೆಚ್ಚಗೆ ಮಾಡಿದರೆ ಕೆಂಗಂದು ಪುಡಿ ತಳಕ್ಕಿಳಿಯುತ್ತದೆ. ಅದನ್ನು ಕೂಡಲೇ ತಣ್ಣಗಾಗಿಸಬೇಕು. ಕಾವು ಏರಿದರೆ ತಾಮ್ರ ಒಂದು ದಾರಿ, ಹೈಡ್ರೋಜನ್ ಒಂದು ದಾರಿ. ಒಣಗಿದ ಪುಡಿ ಒಮ್ಮೊಮ್ಮೆ ತಾನಾಗಿಯೇ ಹೊತ್ತಿಕೊಳ್ಳುವುದೂ ಉಂಟು. ಇಂಥದ್ದನ್ನು ಒಣಗಿಸಿ ತಿಂಗಳುಗಟ್ಟಲೆ ಕೆಡದಂತೆ ಇಟ್ಟಿದ್ದೇನೆ ಎಂಬ ಪ್ರಬಂಧವೇ ಮೇಡಂ ಅವರಿಗೆ ಹೆಸರು ತಂದಿತು.

ಆ ಪ್ರಬಂಧವನ್ನು ನಂಬಿ ಸಂಶೋಧನೆಗೆ ಸೇರಿದ ಶಿಷ್ಯೆಯೊಬ್ಬಳು ಇಂದು ಇದೇ ವಿಭಾಗದ ಉಪನ್ಯಾಸಕಿ. ಸೇರಿದ ಹೊಸತರಲ್ಲಿ ಅವಳ ಅಂಗೈಗೆ ಆಮ್ಲ ತಾಗಿದಾಗ, ಮೇಡಂ ಪಾಠವನ್ನು ಅರ್ಧಕ್ಕೇ ಬಿಟ್ಟು ಬಂದು, ನಲ್ಲಿಯ ಕೆಳಗೆ ಆ ಕೈ ಹಿಡಿದು ನಿಂತಿದ್ದರು. ಪಾಠ ಹೋದರೆ ಇನ್ನೊಮ್ಮೆ ಮಾಡಬಹುದು ಎಂದಷ್ಟೇ ಹೇಳಿದ್ದರು.

ಎರಡನೆಯ ವರ್ಷ ಅವಳು ತಯಾರಿಸಿದ ಪುಡಿಗಳು ವಾರದಿಂದ ವಾರಕ್ಕೆ ಸೊರಗತೊಡಗಿದವು. ಹೈಡ್ರೈಡಿಗೆ ಹೈಡ್ರೋಕ್ಲೋರಿಕ್ ಆಮ್ಲ ಬಿದ್ದರೆ ಹೈಡ್ರೋಜನ್ನಿನ ಗುಳ್ಳೆ ಏಳಬೇಕು. ಅವಳದರಲ್ಲಿ ಗುಳ್ಳೆಗಳು ಕಡಿಮೆಯಾಗುತ್ತಲೇ ಹೋದವು. ತನ್ನ ಕೈಯೇ ಸರಿಯಿಲ್ಲವೆಂದುಕೊಂಡು, ಹೋಲಿಸಿ ನೋಡಲು ಆ ಪ್ರಬಂಧದ ಪುಡಿಯಿದ್ದ ಮೇಡಂ ಅವರ ಹೆಸರಾಂತ ಸೀಸೆಯಿಂದ ಚಿಟಿಕೆ ಕೇಳಿ ತಂದಳು. ಆಮ್ಲ ಹಾಕಿದಳು. ಒಂದೇ ಒಂದು ಗುಳ್ಳೆ ಏಳಲಿಲ್ಲ. ಕೆಂಪು ಪುಡಿ ಸದ್ದಿಲ್ಲದೆ ಬೆಳ್ಳಗಾಯಿತು.

ಸೀಸೆಯಲ್ಲಿದ್ದದ್ದು ಹೈಡ್ರೈಡಲ್ಲ, ಗಾಳಿ ತಾಗಿ ಅದು ಮಾರ್ಪಟ್ಟಿದ್ದ ತಾಮ್ರದ ಆಕ್ಸೈಡು. ಎರಡರದೂ ಹೆಚ್ಚುಕಡಿಮೆ ಒಂದೇ ಬಣ್ಣ. ತಯಾರಿಸಿದ ದಿನ ಗುಳ್ಳೆ ಕಂಡಿದ್ದ ಮೇಡಂ, ಆಮೇಲೆ ಬಣ್ಣ ಮಾಸದಿರುವುದನ್ನು ನೋಡಿಯೇ ಪುಡಿ ಕೆಟ್ಟಿಲ್ಲವೆಂದು ಬರೆದುಬಿಟ್ಟಿದ್ದರು. ಅವರ ಸೀಸೆಯನ್ನು ಮತ್ತೆ ಪರೀಕ್ಷಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ.

ಪಕ್ಕದ ಮೇಜಿನ ಹಿರಿಯ ಸಂಶೋಧಕ ಬಗ್ಗಿ ನೋಡಿದವನೇ ದನಿ ತಗ್ಗಿಸಿದ. “ಸುಮ್ನೆ ತೊಳ್ದು ಇಟ್ಬಿಡು ತಾಯಿ. ನಿನ್ನ ಡಿಗ್ರಿಗೆ ಸಹಿ ಹಾಕೋರು ಅವ್ರೇ.”

“ಸುಳ್ಳಿನ ಮೇಲೆ ಡಿಗ್ರಿ ತಗೊಂಡು ಏನ್ ಮಾಡ್ಲಿ?”

“ಅದನ್ನ ಡಿಗ್ರಿ ಬಂದ್ಮೇಲೆ ಯೋಚ್ನೆ ಮಾಡು.”

ಅವಳು ಮೇಡಂ ಅವರ ಕೋಣೆಗೆ ಹೋಗಿ ಹೇಳಿಯೇಬಿಟ್ಟಳು. ಅವರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು. “ಇನ್ನೊಂದ್ಸಲ ಮಾಡು. ನಾನೂ ನೋಡ್ತೀನಿ.” ಅವಳು ಮಾಡಿದಳು. ಪುಡಿ ಬೆಳ್ಳಗಾಗುತ್ತಿದ್ದಂತೆ ಅವರ ಮುಖವೂ ಬಿಳಿಚಿಕೊಂಡಿತು. ಎದ್ದು ಹೊರಗೆ ಹೋದರು. ತನ್ನ ಪದವಿ ಅಲ್ಲಿಗೆ ಮುಗಿಯಿತೆಂದು ಶಿಷ್ಯೆ ಮೇಜಿನಂಚು ಹಿಡಿದು ನಿಂತಳು.

ಆ ವಾರದ ವಿಚಾರಗೋಷ್ಠಿಯಲ್ಲಿ ಮೇಡಂ ಎದ್ದು ನಿಂತರು. “ನನ್ನ ಪ್ರಬಂಧ ತಪ್ಪು. ವಾಪಸ್ ತಗೊಳ್ತಿದೀನಿ, ಪತ್ರಿಕೆಗೂ ಬರೆದಾಯ್ತು.” ಸಭೆ ಬೆಕ್ಕಸಬೆರಗಾಯಿತು. ವಿಭಾಗದ ಮುಖ್ಯಸ್ಥರು ತೊದಲಿದರು: “ಮೇಡಂ, ಒಂದು ಸಣ್ಣ ತಿದ್ದುಪಡಿ ಹಾಕಿದ್ರೆ ಸಾಲ್ದಾ?”

“ಸತ್ತೋನಿಗೆ ಕಷಾಯ ಕುಡಿಸಿದ್ರೆ ಎದ್ದು ಕೂರ್ತಾನಾ ಸಾರ್?” ಎಂದ ಮೇಡಂ ಶಿಷ್ಯೆಯತ್ತ ತಿರುಗಿದರು. “ಕಂಡುಹಿಡಿದಿದ್ದು ಇವ್ಳು. ಆ ಪುಡಿ ಯಾವಾಗ, ಹೇಗೆ ಕೆಡುತ್ತೆ ಅನ್ನೋದೇ ಇನ್ಮೇಲೆ ಇವಳ ವಿಷಯ. ಬಾಮ್ಮ, ಬೋರ್ಡ್ ಹತ್ರ ಬಾ.” ಅವಳು ಹೋಗಿ ಸೀಮೆಸುಣ್ಣ ಕೈಗೆತ್ತಿಕೊಂಡಳು. ಮೇಡಂ ಮುಂದಿನ ಸಾಲಿನಲ್ಲಿ ಕುಳಿತು, ಎಲ್ಲರಿಗಿಂತ ಮೊದಲು ಪ್ರಶ್ನೆ ಕೇಳಿದರು.

ಆ ವಿಷಯಕ್ಕೇ ಅವಳಿಗೆ ಪದವಿ ಬಂತು. ಸಹಿ ಹಾಕಿದವರೂ ಅವರೇ. ಕಳೆದುಕೊಂಡ ಹೆಸರನ್ನು ಮರಳಿ ಪಡೆಯಲು ಮೇಡಂ ಅವರಿಗೆ ಅನೇಕ ವರ್ಷಗಳು ಹಿಡಿದವು. ಆ ಅವಧಿಯಲ್ಲಿ ಅವರು ಶಿಷ್ಯೆಯ ಮೇಲೆ ಒಮ್ಮೆಯೂ ಮುನಿಸು ತೋರಲಿಲ್ಲ.

ನಿವೃತ್ತಿಯ ನಂತರವೂ ಪ್ರಯೋಗಾಲಯಕ್ಕೆ ಬರುವುದಾಗಿ ಹೇಳಿರುವ ಮೇಡಂ ಅವರಿಗೆ ದೀರ್ಘಾಯುಸ್ಸೂ ಗಟ್ಟಿ ಆರೋಗ್ಯವೂ ಇರಲಿ. ಅವರು ಇನ್ನು ಮುಂದೆ ತಯಾರಿಸುವುದನ್ನೂ ಅವರ ಶಿಷ್ಯರು ಮುಲಾಜಿಲ್ಲದೆ ಪರೀಕ್ಷಿಸಲಿ. ಗುಳ್ಳೆ ಏಳದಿದ್ದರೆ, ಏಳಲಿಲ್ಲವೆಂದು ಅವರ ಮುಂದೆಯೇ ಹೇಳಲಿ.